ಎರಡು ದಿನದ ಕೂಸು ನಕ್ಕೀತೆ?

1818ರಲ್ಲಿ ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್‌ಗೆ ಗೆಳೆಯನೊಬ್ಬ ಅಪರೂಪದ ಪುಸ್ತಕವೊಂದನ್ನು ಓದಲು ಕೊಟ್ಟ. ಅದು ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕವಲ್ಲ. ಕವಿತೆಯನ್ನೂ ಚಿತ್ರವನ್ನೂ ತಾಮ್ರದ ತಗಡಿನ ಮೇಲೆ ಕವಿಯೇ ಮೂಡಿಸಿ, ಕಾಗದಕ್ಕೆ ಒತ್ತಿ, ಕೈಯಿಂದ ಬಣ್ಣ ತುಂಬಿಸಿದ್ದು. ವಿಲಿಯಂ ಬ್ಲೇಕ್‌ನ ‘ಸಾಂಗ್ಸ್ ಆಫ್ ಇನೊಸೆನ್ಸ್ ಅಂಡ್ ಆಫ್ ಎಕ್ಸ್‌ಪೀರಿಯೆನ್ಸ್’. ಕೋಲ್‌ರಿಜ್ ಓದಿದ, ಮೆಚ್ಚಿದ, ಉತ್ತರಪತ್ರಿಕೆ ತಿದ್ದುವ ಮೇಷ್ಟರ ಹಾಗೆ ಕವಿತೆಗಳಿಗೆ ದರ್ಜೆ ಹಾಕಿ ಗೆಳೆಯನಿಗೆ ಕಾಗದ ಬರೆದ. ‘ಇನ್‌ಫೆಂಟ್ ಜಾಯ್’ ಎಂಬ ಪುಟ್ಟ ಕವಿತೆಗೆ ಬಂದಾಗ ಮಾತ್ರ ತಕರಾರು ತೆಗೆದ. ಆ ಕವಿತೆಯ ಕೂಸಿಗೆ ಹುಟ್ಟಿ ಎರಡೇ ದಿನ, ಇನ್ನೂ ಹೆಸರಿಟ್ಟಿಲ್ಲ, ಆದರೂ ಅದು ನಗುತ್ತದೆ. ಅಷ್ಟು ಎಳೆಯ ಕೂಸು ನಗುವುದಿಲ್ಲ, ನಗಲಾರದು, ಕೊನೆಯ ಸಾಲುಗಳನ್ನು ಬದಲಿಸಿದರೆ ಒಳ್ಳೆಯದು ಎಂದು ಕೋಲ್‌ರಿಜ್ ಸೂಚಿಸಿದ.

ಇದನ್ನು ಕುಹಕವೆಂದು ತಳ್ಳಿಹಾಕುವ ಹಾಗಿಲ್ಲ. ಆಕ್ಷೇಪ ಎತ್ತಿದವನು ನಾಲ್ಕು ಮಕ್ಕಳ ತಂದೆ. ಬ್ಲೇಕ್‌ಗೆ ಮಕ್ಕಳಿರಲಿಲ್ಲ. ಶಿಶುವೈದ್ಯರನ್ನು ಕೇಳಿದರೆ ಅವರೂ ಕೋಲ್‌ರಿಜ್‌ನ ಕಡೆಗೇ ವಾಲುತ್ತಾರೆ: ಹಸುಗೂಸಿನ ತುಟಿ ನಿದ್ದೆಯಲ್ಲಿ ತಾನಾಗಿ ಅರಳುವುದುಂಟು, ಎದುರಿನವರ ಮುಖ ನೋಡಿ ನಗುವುದಕ್ಕೆ ಸುಮಾರು ಆರು ವಾರ ಬೇಕು.

ರಮ್ಯಕವಿಗಳು ಎಂದೊಡನೆ ಹಿಮಬಿಂದು, ಕಾಮನಬಿಲ್ಲು, ಮುಗ್ಧ ಮಗು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಅಭ್ಯಾಸವಿದೆ. ಅವರೆಲ್ಲ ಸೇರಿ ಮಗುವನ್ನು ದೇವರ ಪಟ್ಟಕ್ಕೆ ಏರಿಸಿದರು ಎಂಬ ನಂಬಿಕೆಯೂ ಇದೆ. ಅವರ ಕವಿತೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಓದಿದರೆ ಚಿತ್ರ ಬೇರೆಯಾಗುತ್ತದೆ. ಹುಟ್ಟು ಎಂದರೇನು, ಎಳೆಗೂಸು ಎಂದರೆ ಯಾರು ಎಂಬ ಬಗ್ಗೆ ಅವರಲ್ಲೇ ಒಮ್ಮತವಿರಲಿಲ್ಲ. ಮಗುವಿನ ಬಗ್ಗೆ ಒಂದು ಕಲ್ಪನೆ ಇಟ್ಟುಕೊಂಡು ಬರೆದವರು ಒಂದು ಕಡೆ, ತೊಟ್ಟಿಲ ಪಕ್ಕ ಕೂತು ಬರೆದವರು ಇನ್ನೊಂದು ಕಡೆ. ಕೆಲವರು, ಮುಖ್ಯವಾಗಿ ಕೋಲ್‌ರಿಜ್, ಎರಡೂ ಕಡೆ ಓಡಾಡಿದವರು.

ಅವರಿಗಿಂತ ಹಿಂದೆ ಇಂಗ್ಲೆಂಡಿನಲ್ಲಿ ಕೂಸಿನ ಸ್ಥಾನಮಾನ ಏನಿತ್ತು? ಕಟ್ಟಾ ಪ್ರಾಟೆಸ್ಟಂಟ್ ಮನೆಗಳಲ್ಲಿ ಮಗು ಆದಿಪಾಪವನ್ನು ಹೊತ್ತುಕೊಂಡೇ ಹುಟ್ಟುತ್ತಿತ್ತು. ಅದರ ಹಠ ಮುರಿಯುವುದು ತಂದೆತಾಯಿಯ ಧರ್ಮ. 17ನೇ ಶತಮಾನದ ಕೊನೆಗೆ ಜಾನ್ ಲಾಕ್ ಬಂದು ಮಗುವಿನ ಮನಸ್ಸು ಬರೆಯದ ಹಾಳೆ ಎಂದ. 1762ರಲ್ಲಿ ರೂಸೋ ‘ಎಮಿಲ್’ ಬರೆದು ಎರಡನ್ನೂ ತಿರುವಿಹಾಕಿದ: ಮಗು ಹುಟ್ಟುತ್ತಲೇ ಒಳ್ಳೆಯದು, ಕೆಡಿಸುವುದು ಸಮಾಜ. ಕೂಸನ್ನು ಬಟ್ಟೆಪಟ್ಟಿಗಳಲ್ಲಿ ಬಿಗಿಯಾಗಿ ಸುತ್ತಿಡುವ ಪದ್ಧತಿಯನ್ನು ಅವನು ಖಂಡಿಸಿದ, ಹಾಲುದಾದಿಯ ಕೈಗೆ ಒಪ್ಪಿಸದೆ ತಾಯಂದಿರೇ ಹಾಲೂಡಬೇಕು ಎಂದ. ತನ್ನ ಐದು ಮಕ್ಕಳನ್ನು ಪ್ಯಾರಿಸ್ಸಿನ ಅನಾಥಾಲಯಕ್ಕೆ ಬಿಟ್ಟುಬಂದವನೂ ಅವನೇ.

ಲಂಡನ್ನಿನಲ್ಲೂ ಅಂಥ ಆಲಯವೊಂದಿತ್ತು. 1741ರಲ್ಲಿ ಬಾಗಿಲು ತೆರೆದ ಫೌಂಡ್ಲಿಂಗ್ ಹಾಸ್ಪಿಟಲ್‌ಗೆ ಬಂದ ಮಕ್ಕಳೆಷ್ಟೆಂದರೆ, ಸ್ವಲ್ಪ ಕಾಲದಲ್ಲೇ ಚೀಟಿ ಎತ್ತುವಂಥ ಏರ್ಪಾಡು ಮಾಡಬೇಕಾಯಿತು. ಕೂಸನ್ನು ಎತ್ತಿಕೊಂಡು ಬಂದ ತಾಯಿ ಚೀಲಕ್ಕೆ ಕೈ ಹಾಕಿ ಒಂದು ಗೋಲಿ ತೆಗೆಯಬೇಕು. ಬಿಳಿ ಬಂದರೆ ಮಗುವಿಗೆ ಜಾಗ, ಕಪ್ಪು ಬಂದರೆ ವಾಪಸ್. ರಮ್ಯಕವಿಗಳ ಹಿಂದಿನ ತಲೆಮಾರು ಕಂಡ ಲಂಡನ್ ಇದು.

ಬ್ಲೇಕ್ ಹುಟ್ಟಿ ಬೆಳೆದದ್ದು ಈ ನಗರದಲ್ಲಿ. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಸಂಕಲನದಲ್ಲಿ ಅವನು ‘ಇನ್‌ಫೆಂಟ್ ಜಾಯ್’ ಬರೆದ. ಅದರ ಚಿತ್ರದಲ್ಲಿ ಜ್ವಾಲೆಯಂತೆ ಬಿರಿದ ದೊಡ್ಡ ಹೂವು, ಹೂವಿನೊಳಗೆ ಮಡಿಲಲ್ಲಿ ಕೂಸನ್ನಿಟ್ಟುಕೊಂಡ ತಾಯಿ, ಎದುರಿಗೆ ರೆಕ್ಕೆಯ ಪುಟ್ಟ ಆಕೃತಿ. ಐದು ವರ್ಷ ಕಳೆದು 1794ರಲ್ಲಿ ‘ಎಕ್ಸ್‌ಪೀರಿಯೆನ್ಸ್’ ಭಾಗ ಸೇರಿದಾಗ ಅದಕ್ಕೆ ಎದುರಾಗಿ ‘ಇನ್‌ಫೆಂಟ್ ಸಾರೋ’ ಬಂತು. ಇಲ್ಲೂ ಮಾತಾಡುವುದು ಆಗತಾನೆ ಹುಟ್ಟಿದ ಕೂಸೇ. ಅದರ ಹುಟ್ಟಿನ ಹೊತ್ತಿಗೆ ತಾಯಿ ನರಳುತ್ತಾಳೆ, ತಂದೆ ಅಳುತ್ತಾನೆ. ಅಪಾಯ ತುಂಬಿದ ಲೋಕಕ್ಕೆ ತಾನೇ ಚಿಮ್ಮಿ ಬಂದ ಈ ಕೂಸು ತಂದೆಯ ಕೈಯಲ್ಲಿ ಕೊಸರಾಡುತ್ತದೆ, ಸುತ್ತಿದ ಬಟ್ಟೆಪಟ್ಟಿಗಳೊಂದಿಗೆ ಸೆಣಸುತ್ತದೆ, ಸೋತು ಸುಸ್ತಾದ ಮೇಲೆ ತಾಯಿಯ ಎದೆಗೆ ಒರಗಿ ಮುನಿಸಿಕೊಂಡು ಮಲಗುತ್ತದೆ. ಎಂಟೇ ಸಾಲು. ಮುನಿಸಿಕೊಳ್ಳುವ ಹಸುಗೂಸು ಅದಕ್ಕೆ ಮೊದಲು ಇಂಗ್ಲಿಷ್ ಕಾವ್ಯದಲ್ಲಿ ಎಲ್ಲಿತ್ತು?

ಎರಡು ಕೂಸುಗಳಲ್ಲಿ ನಿಜವಾದದ್ದು ಯಾವುದು ಎಂಬ ಪ್ರಶ್ನೆಗೆ ಬ್ಲೇಕ್ ತೀರ್ಪು ಕೊಡಲಿಲ್ಲ. ಪುಸ್ತಕದ ಉಪಶೀರ್ಷಿಕೆಯಲ್ಲೇ, ಇವು ಮನುಷ್ಯನ ಆತ್ಮದ ಪರಸ್ಪರ ವಿರುದ್ಧವಾದ ಎರಡು ಸ್ಥಿತಿಗಳು ಎಂದುಬಿಟ್ಟ. ಅವನ ನಿಲುವು ಇನ್ನಷ್ಟು ಕಟುವಾಗುವುದು ‘ಲಂಡನ್’ ಎಂಬ ಕವಿತೆಯಲ್ಲಿ. ನಡುರಾತ್ರಿಯ ಬೀದಿಯಲ್ಲಿ ಕೇಳುವ ಎಳೆಯ ವೇಶ್ಯೆಯ ಶಾಪ ಅಲ್ಲಿ ಹಸುಗೂಸಿನ ಕಣ್ಣೀರನ್ನೇ ತಾಕುತ್ತದೆ. ತಾಯಿಗೆ ತಗುಲಿದ ಗುಹ್ಯರೋಗ ಹೆರಿಗೆಯ ವೇಳೆ ಮಗುವಿನ ಕಣ್ಣು ಕಳೆಯುವ ಸಂಗತಿ ಆ ಸಾಲುಗಳ ಹಿಂದೆ ಇದೆ ಎಂದು ಅನೇಕ ವಿಮರ್ಶಕರು ಹೇಳುತ್ತಾರೆ. ಬ್ಲೇಕ್‌ನ ಹುಟ್ಟು ಸಮಾಜದಿಂದ ಹೊರಗೆ ನಡೆಯುವುದಿಲ್ಲ.

ವಿಲಿಯಂ ವರ್ಡ್ಸ್‌ವರ್ತ್‌ನ ದಾರಿ ಬೇರೆ. ಎಂಟು ವರ್ಷ ತುಂಬುವ ಮೊದಲೇ ತಾಯಿಯನ್ನು, ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವನು ಅವನು. ತಾಯಿ ಸತ್ತ ಮೇಲೆ ತಂಗಿ ಡೊರೊಥಿಯನ್ನು ನೆಂಟರ ಮನೆಗೆ ಕಳಿಸಿಬಿಟ್ಟರು. 1799ರಲ್ಲಿ, ಮುಂದೆ ‘ದಿ ಪ್ರೆಲ್ಯೂಡ್’ ಆಗಿ ಬೆಳೆದ ಆತ್ಮಕಥನ ಕಾವ್ಯದಲ್ಲಿ, ಅವನು ಮೊಲೆಯುಣ್ಣುವ ಮಗುವೊಂದನ್ನು ತಂದ. ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಹಾಲು ಕುಡಿಯುವ ಆ ಕೂಸಿಗೆ ಲೋಕದೊಂದಿಗೆ ಮೊದಲ ನಂಟು ಬೆಳೆಯುವುದೇ ಆ ನೋಟದಿಂದ. ನೋಡುವುದು, ಚೆದುರಿದ್ದನ್ನು ಕೂಡಿಸಿಕೊಳ್ಳುವುದು, ಪ್ರೀತಿಸುವುದು ಎಲ್ಲಕ್ಕೂ ತಾಯಿಯ ಎದೆಯೇ ಮೊದಲ ಪಾಠಶಾಲೆ. ಇಪ್ಪತ್ತನೆಯ ಶತಮಾನದ ಮನಶ್ಶಾಸ್ತ್ರ ತಾಯಿ–ಮಗುವಿನ ಬಾಂಧವ್ಯದ ಬಗ್ಗೆ ಹೇಳಿದ್ದರಲ್ಲಿ ಎಷ್ಟೋ ಭಾಗ ಇಲ್ಲಿ ಆಗಲೇ ಇದೆ. ತಾಯಿಯಿಲ್ಲದೆ ಬೆಳೆದವನು ತಾಯಿಯ ಬಗ್ಗೆ ಇಷ್ಟು ಖಚಿತವಾಗಿ ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅವನ ಹೆಸರು ನಿಂತಿರುವುದು ಅಮರತ್ವದ ಸೂಚನೆಗಳನ್ನು ಕುರಿತ ಪ್ರಗಾಥದ ಮೇಲೆ. 1802ರ ಮಾರ್ಚ್‌ನಲ್ಲಿ ಅದರ ಮೊದಲ ನಾಲ್ಕು ಪದ್ಯಭಾಗಗಳು ಹುಟ್ಟಿದವು, ಅಲ್ಲಿಗೆ ನಿಂತು, 1804ರಲ್ಲಿ ಉಳಿದದ್ದು ಬಂತು, 1807ರಲ್ಲಿ ಅಚ್ಚಾಯಿತು. ಹುಟ್ಟಿನ ಬಗ್ಗೆ ಅದು ಹೇಳುವುದು ಇಷ್ಟು: ಜೀವ ಇಲ್ಲಿಗೆ ಬರುವ ಮೊದಲು ಬೇರೆಲ್ಲೋ ಇತ್ತು. ಹುಟ್ಟುವುದೆಂದರೆ ಅದನ್ನು ಮರೆಯತೊಡಗುವುದು. ಎಳೆಗೂಸಿಗೆ ಆ ಲೋಕದ ಬೆಳಕು ಇನ್ನೂ ಅಂಟಿಕೊಂಡಿರುತ್ತದೆ, ಬೆಳೆದಂತೆ ಅದು ಮಾಸುತ್ತ ಹೋಗುತ್ತದೆ. ಪ್ಲೇಟೋವಿನಿಂದ ಬಂದ ಈ ವಿಚಾರವನ್ನು ವರ್ಡ್ಸ್‌ವರ್ತ್ ಅಕ್ಷರಶಃ ನಂಬಿದ್ದನೇ? ಇಳಿವಯಸ್ಸಿನಲ್ಲಿ ಇಸಬೆಲ್ಲಾ ಫೆನ್ವಿಕ್ ಎಂಬ ಗೆಳತಿಗೆ ಬರೆಸಿದ ಟಿಪ್ಪಣಿಯಲ್ಲಿ ಅವನು ಹುಷಾರಾಗಿ ಮಾತಾಡಿದ್ದಾನೆ. ಪೂರ್ವಸ್ಥಿತಿಯ ಕಲ್ಪನೆ ಧರ್ಮಶ್ರದ್ಧೆಯಾಗಿ ಒಪ್ಪಿಸುವಷ್ಟು ಗಟ್ಟಿಯಾದದ್ದಲ್ಲ, ಕವಿತೆಗೆ ಬೇಕಾದ್ದರಿಂದ ಬಳಸಿಕೊಂಡೆ ಎಂಬ ಧಾಟಿ ಅದು. ಬಾಲ್ಯದಲ್ಲಿ ಶಾಲೆಗೆ ಹೋಗುವಾಗ ಸುತ್ತಲಿನ ಲೋಕವೆಲ್ಲ ತನ್ನ ಮನಸ್ಸಿನೊಳಗೇ ಕರಗಿದಂತಾಗಿ, ಇದು ನಿಜವಾದ ಜಗತ್ತೇ ಎಂದು ಖಾತ್ರಿ ಮಾಡಿಕೊಳ್ಳಲು ಗೋಡೆಯನ್ನೋ ಮರವನ್ನೋ ಹಿಡಿದುಕೊಳ್ಳುತ್ತಿದ್ದನೆಂದೂ ಅಲ್ಲಿ ಹೇಳಿಕೊಂಡಿದ್ದಾನೆ.

ಹುಟ್ಟಿನ ಬಗೆಗಿನ ಆ ಭಾಗ ಬರೆಯುವಾಗ ಗ್ರಾಸ್‌ಮಿಯರ್‌ನ ಅವನ ಪುಟ್ಟ ಮನೆಯಲ್ಲಿ 1803ರ ಜೂನ್‌ನಲ್ಲಿ ಹುಟ್ಟಿದ ಮಗ ಜಾನ್ ಇದ್ದ, ಒಂದು ವರ್ಷವೂ ತುಂಬದ ಕೂಸು. ಪ್ರಗಾಥದಲ್ಲಿ ಅವನ ಅಳುವಿಲ್ಲ, ಒದ್ದೆ ಬಟ್ಟೆಯಿಲ್ಲ, ನಿದ್ದೆಗೆಟ್ಟ ತಾಯಿಯೂ ಇಲ್ಲ. ಅದಕ್ಕೂ ಹಿಂದಿನ ಕತೆಯೊಂದಿದೆ. 1792ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಓರ್ಲಿಯಾನ್ಸ್‌ನಲ್ಲಿ ಆನೆಟ್ ವಲೋನ್ ಎಂಬಾಕೆಗೆ ವರ್ಡ್ಸ್‌ವರ್ತ್‌ನಿಂದ ಕ್ಯಾರೊಲೀನ್ ಎಂಬ ಮಗಳು ಹುಟ್ಟಿದಳು. ಕವಿ ಇಂಗ್ಲೆಂಡಿಗೆ ಮರಳಿದ. ಯುದ್ಧ ಶುರುವಾಯಿತು. ಮಗಳ ಜೊತೆ ಕಡಲತೀರದಲ್ಲಿ ಅಡ್ಡಾಡುವ ಅವಕಾಶ ಸಿಕ್ಕಿದ್ದು 1802ರ ಆಗಸ್ಟ್‌ನಲ್ಲಿ, ಕ್ಯಾಲೆಯಲ್ಲಿ. ಆಗ ಅವಳಿಗೆ ಒಂಬತ್ತು ವರ್ಷ. ಆ ಸಂಜೆ ಹುಟ್ಟಿದ ಸುನೀತದಲ್ಲೂ ಅವಳು ದೇವರ ಸನ್ನಿಧಿಯಲ್ಲಿರುವ ಮಗು. ತನ್ನದೇ ಮಗುವೆಂಬ ಸುಳಿವು ಓದುಗನಿಗೆ ಸಿಗದು.

ಪ್ರಗಾಥ ಇಂಗ್ಲಿಷಿನ ಮಹಾಕವಿತೆಗಳಲ್ಲಿ ಒಂದು. ಅದು ದೊಡ್ಡವರ ನಷ್ಟದ ಕವಿತೆ. ಆ ನಷ್ಟವನ್ನು ಅಳೆಯಲು ಅದಕ್ಕೆ ಒಂದು ಮಗು ಬೇಕಿತ್ತು, ಇಂಥದ್ದೇ ಮಗು ಬೇಕಿರಲಿಲ್ಲ. ಇದನ್ನು ಮೊದಲು ಕಂಡುಹಿಡಿದವನೂ ಕೋಲ್‌ರಿಜ್. ಪ್ರಗಾಥ ಆರು ವರ್ಷದ ಹುಡುಗನನ್ನು ಮಹಾದಾರ್ಶನಿಕ, ಪ್ರವಾದಿ ಎಂದು ಸಂಬೋಧಿಸುತ್ತದೆ. ಆ ವಯಸ್ಸಿನ ಮಗು ಯಾವ ಅರ್ಥದಲ್ಲಿ ದಾರ್ಶನಿಕ, ತನಗೇ ಅರಿವಿಲ್ಲದ ಜ್ಞಾನ ಜ್ಞಾನ ಹೇಗಾದೀತು ಎಂದು ‘ಬಯಾಗ್ರಫಿಯಾ ಲಿಟರೇರಿಯಾ’ದಲ್ಲಿ (1817) ಕೋಲ್‌ರಿಜ್ ಗೆಳೆಯನನ್ನು ನೇರವಾಗಿ ಕೇಳಿದ. ಆ ಹುಡುಗನಿಗೆ ಮಾದರಿ ಕೋಲ್‌ರಿಜ್‌ನ ಹಿರಿಯ ಮಗ ಹಾರ್ಟ್ಲಿಯೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಪ್ರಶ್ನೆ ಕೇಳುವ ಹಕ್ಕು ತಂದೆಗಿತ್ತು.

ವರ್ಡ್ಸ್‌ವರ್ತ್ ಸದಾ ಮೋಡದ ಮೇಲೇ ಇದ್ದನೆಂದರೂ ತಪ್ಪಾಗುತ್ತದೆ. 1804ರ ಸೆಪ್ಟೆಂಬರ್‌ನಲ್ಲಿ, ಮಗಳು ಡೋರಾಗೆ ಒಂದು ತಿಂಗಳು ತುಂಬಿದ ದಿನ, ಅವಳನ್ನೇ ಕುರಿತು ಒಂದು ಕವಿತೆ ಬರೆದ. ಅಲ್ಲಿ ಆಗಷ್ಟೇ ಮೂಡತೊಡಗಿದ ನಗುವನ್ನು ಕೂಸು ಹೊರಗಿನ ಲೋಕವನ್ನು ತಡವಿ ನೋಡುವ ಪ್ರಯತ್ನವೆಂಬಂತೆ ಕಾಣುತ್ತಾನೆ. ಒಂದು ತಿಂಗಳ ನಗು ಎಂದರೆ ಕೋಲ್‌ರಿಜ್ ಕೂಡ ತಲೆದೂಗಿಯಾನು.

ಹಾರ್ಟ್ಲಿ ಹುಟ್ಟಿದ್ದು 1796ರ ಸೆಪ್ಟೆಂಬರ್ 19ರಂದು. ತಂದೆ ಆಗ ಊರಿನಲ್ಲಿರಲಿಲ್ಲ, ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ. ಸುದ್ದಿ ಸಿಕ್ಕಿ ಮನೆಗೆ ಧಾವಿಸುವ ದಾರಿಯ ನೆನಪಿನಲ್ಲಿ ಒಂದು ಸುನೀತ ಬರೆದ. ಅದರಲ್ಲೂ ಪ್ಲೇಟೋವಿನ ಪೂರ್ವಜನ್ಮದ ವಿಚಾರ ಬರುತ್ತದೆ, ವರ್ಡ್ಸ್‌ವರ್ತ್‌ಗಿಂತ ಏಳೆಂಟು ವರ್ಷ ಮೊದಲೇ, ಮತ್ತು ತೀರ ತಿರುವುಮುರುವಾಗಿ. ಮನೆ ತಲುಪುವಷ್ಟರಲ್ಲಿ ಕೂಸು ಸತ್ತಿದ್ದರೆ ಏನು ಮಾಡಲಿ ಎಂಬ ಭಯ ತಂದೆಯನ್ನು ಹಿಡಿಯುತ್ತದೆ. ಸತ್ತಿದ್ದರೆ, ಯಾವುದೋ ಸಣ್ಣ ತಪ್ಪಿಗಾಗಿ ಅಲ್ಪಕಾಲದ ಶಿಕ್ಷೆ ಅನುಭವಿಸಲು ಭೂಮಿಗೆ ಬಂದ ಆತ್ಮ, ಒಮ್ಮೆ ಕಿರುಚಿ ಬಿಡುಗಡೆ ಪಡೆಯಿತು ಎಂದು ನಂಬಲು ಹೆಣಗಾಡುತ್ತೇನೆ ಎನ್ನುತ್ತಾನೆ. ಪ್ರಗಾಥದ ಮಗು ಬೆಳಕಿನ ಮೋಡ ಎಳೆದುಕೊಂಡು ಬರುವ ಅತಿಥಿ. ಇಲ್ಲಿನದು ಸೆರೆಮನೆಗೆ ಬಂದ ಕೈದಿ.

ಇದರ ಜೊತೆಗಾರ ಸುನೀತ ಇನ್ನೂ ಪ್ರಾಮಾಣಿಕವಾದದ್ದು. ದಾದಿ ಮಗುವನ್ನು ಮೊದಲ ಬಾರಿ ತೋರಿಸಿದಾಗ ಹೇಗನ್ನಿಸಿತು ಎಂದು ಗೆಳೆಯ ಕೇಳಿದ್ದಕ್ಕೆ ಉತ್ತರ ಅದು. ದುಃಖವಾಯಿತು, ಅಷ್ಟೇ! ತಾನು ಏನಾಗಿದ್ದೆ, ಇವನು ಏನಾದಾನು ಎಂಬ ಯೋಚನೆ ಕವಿಯಿತು. ಆಮೇಲೆ ಹೆಂಡತಿಯ ಮಡಿಲಲ್ಲಿ ಹಾಲು ಕುಡಿಯುವ ಮಗುವನ್ನೂ ಅದನ್ನು ನೋಡಿ ನಗುವ ಅವಳನ್ನೂ ಕಂಡಾಗ ಎದೆ ಕರಗಿತು. ಮೊದಲ ನೋಟದಲ್ಲೇ ವಾತ್ಸಲ್ಯ ಉಕ್ಕದ ತಂದೆಯರು ಎಲ್ಲ ಕಾಲದಲ್ಲೂ ಇದ್ದಾರೆ. ಅದನ್ನು ಒಪ್ಪಿಕೊಂಡು ಬರೆದವರು ಕಡಿಮೆ.

ಮುಂದೆ 1798ರ ಫೆಬ್ರವರಿಯಲ್ಲಿ ನೆದರ್ ಸ್ಟೋವಿಯ ಮನೆಯಲ್ಲಿ ಅವನು ‘ಫ್ರಾಸ್ಟ್ ಅಟ್ ಮಿಡ್‌ನೈಟ್’ ಬರೆದ. ಪಕ್ಕದ ತೊಟ್ಟಿಲಲ್ಲಿ ಹಾರ್ಟ್ಲಿ ಮಲಗಿದ್ದಾನೆ. ತಂದೆಯ ಯೋಚನೆಯ ನಡುನಡುವಿನ ಬಿಡುವನ್ನು ಅವನ ಉಸಿರಾಟ ತುಂಬುತ್ತದೆ. ತಾನು ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ಗೋಡೆಗಳ ನಡುವೆ ಬೆಳೆದೆ, ನೀನು ಕೆರೆ ಬೆಟ್ಟಗಳ ನಡುವೆ ಬೆಳೆ ಎಂದು ಹರಸುತ್ತಾನೆ. ಎರಡು ತಿಂಗಳ ನಂತರದ ‘ದಿ ನೈಟಿಂಗೇಲ್’ನಲ್ಲಿ ಅದೇ ಕೂಸು ರಾತ್ರಿ ಎಚ್ಚರಗೊಂಡು ಅಳುತ್ತದೆ. ತಂದೆ ಎತ್ತಿಕೊಂಡು ತೋಟಕ್ಕೆ ಹೋಗಿ ಚಂದಿರನನ್ನು ತೋರಿಸುತ್ತಾನೆ. ಅಳು ನಿಲ್ಲುತ್ತದೆ, ಕಣ್ಣಲ್ಲಿ ನೀರಿರುವಾಗಲೇ ನಗು ಬರುತ್ತದೆ. ಹಾರ್ಟ್ಲಿಗೆ ಆಗ ಒಂದೂವರೆ ವರ್ಷ. ಈ ನಗುವಿಗೆ ಲೆಕ್ಕ ಸರಿಹೋಗುತ್ತದೆ.

ಕವಿತೆಯಲ್ಲಿ ಇಷ್ಟು ಹತ್ತಿರವಿದ್ದ ತಂದೆ ಬದುಕಿನಲ್ಲಿ ದೂರವೇ ಉಳಿದ. ಎರಡನೆಯ ಮಗ ಬರ್ಕ್ಲಿ ಒಂದು ವರ್ಷ ತುಂಬುವ ಮೊದಲೇ, 1799ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಕೋಲ್‌ರಿಜ್ ಜರ್ಮನಿಯಲ್ಲಿದ್ದ. ಸುದ್ದಿ ಅವನನ್ನು ಮುಟ್ಟಿದ್ದು ಏಪ್ರಿಲ್‌ನಲ್ಲಿ. ಅಷ್ಟೂ ದಿನ ಆ ದುಃಖವನ್ನು ಹೆಂಡತಿ ಸಾರಾ ಒಬ್ಬಳೇ ಹೊತ್ತಳು.

ಗಂಡಸರ ಕವಿತೆಗಳಲ್ಲಿ ಹುಟ್ಟು ಎಂದರೆ ಹೆಚ್ಚುಕಡಿಮೆ ಮಗು ಹೊರಗೆ ಬಂದ ನಂತರದ ಕತೆ. ಅದಕ್ಕೆ ಮೊದಲಿನ ಒಂಬತ್ತು ತಿಂಗಳ ಬಗ್ಗೆ ಬರೆದವಳು ಆನಾ ಲೆಟೀಶಿಯಾ ಬಾರ್ಬೋಲ್ಡ್. ಮಕ್ಕಳ ಪಾಠಪುಸ್ತಕಗಳಿಗಾಗಿ ಆ ಕಾಲದಲ್ಲಿ ಮನೆಮಾತಾಗಿದ್ದಾಕೆ. 1802ರಲ್ಲಿ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಕೋಲ್‌ರಿಜ್‌ಗೆ ಬರೆದ ಕಾಗದವೊಂದರಲ್ಲಿ ಈಕೆಯ ಪುಸ್ತಕಗಳು ಮಕ್ಕಳ ಕಲ್ಪನೆಯನ್ನೇ ಒಣಗಿಸುತ್ತವೆಂದು ಶಪಿಸಿದ್ದಾನೆ. ಕಲ್ಪನೆಯಿಲ್ಲದವಳೆಂದು ಬೈಸಿಕೊಂಡ ಈಕೆಯೇ ಬಸುರಿಯ ಹೊಟ್ಟೆಯಲ್ಲಿರುವ, ಇನ್ನೂ ಕಾಣದ, ಬೇಗ ಕಾಣಲಿರುವ ಪುಟ್ಟ ಜೀವವನ್ನು ಮಾತಾಡಿಸುವ ಕವಿತೆ ಬರೆದಳು. ಅದು ಅಚ್ಚಾದದ್ದು ಆಕೆಯ ಮರಣದ ವರ್ಷ, 1825ರಲ್ಲಿ. ಬಾರ್ಬೋಲ್ಡ್ ಮಕ್ಕಳನ್ನು ಹೆತ್ತವಳಲ್ಲ, ಸೋದರನ ಮಗನನ್ನು ದತ್ತು ಪಡೆದು ಸಾಕಿದವಳು. ಆ ಕವಿತೆಯಲ್ಲಿ ತಾಯಿ ತನ್ನದೇ ದೇಹದ ಭಾಗವಾಗಿದ್ದೂ ತನಗೆ ಗೊತ್ತಿಲ್ಲದ ಅಪರಿಚಿತನಿಗಾಗಿ ಕಾಯುತ್ತಾಳೆ. ದಾದಿ ಲಾಲಿಹಾಡು ಸಿದ್ಧಮಾಡಿಕೊಳ್ಳುತ್ತಾಳೆ. ಅನುಭವಸ್ಥ ಹೆಂಗಸರು ದಿನ ಎಣಿಸುತ್ತಾರೆ. ಪ್ರಗಾಥದ ಮಗು ಒಂಟಿಯಾಗಿ ಆಕಾಶದಿಂದ ಇಳಿಯುತ್ತದೆ. ಬಾರ್ಬೋಲ್ಡ್‌ಳ ಮಗುವಿಗೆ ಮನೆತುಂಬ ಹೆಂಗಸರು ಕಾದಿದ್ದಾರೆ.

ಇನ್ನೊಬ್ಬಳು ಸ್ಕಾಟ್ಲೆಂಡಿನ ಜೊಆನಾ ಬೈಲಿ. ಆಕೆಯ ಸೋದರಮಾವ ವಿಲಿಯಂ ಹಂಟರ್, ರಾಣಿ ಷಾರ್ಲಟ್‌ಳ ಹೆರಿಗೆಗಳನ್ನು ನೋಡಿಕೊಂಡ ವೈದ್ಯ. ಬಸುರಿಯ ಗರ್ಭಕೋಶವನ್ನು 34 ಚಿತ್ರಪುಟಗಳಲ್ಲಿ ತೋರಿಸಿದ ಅವನ ದೊಡ್ಡ ಗ್ರಂಥ 1774ರಲ್ಲಿ ಹೊರಬಂತು. ಹಂಟರ್ ಸತ್ತ ಮೇಲೆ ಅವನ ಲಂಡನ್ ಮನೆ ಬೈಲಿಯ ಅಣ್ಣನಾದ, ತಾನೂ ಅಂಗರಚನಾಶಾಸ್ತ್ರಜ್ಞನಾಗಿದ್ದ ಮ್ಯಾಥ್ಯೂಗೆ ಬಂತು. ಜೊಆನಾ ಅಲ್ಲಿಗೆ ಬಂದು ನೆಲೆಸಿದಳು. 1790ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಸಂಕಲನದಲ್ಲಿ, ಎಚ್ಚರಗೊಳ್ಳುತ್ತಿರುವ ಕೂಸಿನ ಜೊತೆ ತಾಯಿ ಆಡುವ ಮಾತುಗಳ ಕವಿತೆಯಿದೆ. ಈ ತಾಯಿ ಮಗುವನ್ನು ಮುದ್ದಾಡುತ್ತಲೇ ಇದ್ದದ್ದನ್ನು ಇದ್ದಂತೆ ನೋಡುತ್ತಾಳೆ: ಬೊಚ್ಚು ಬಾಯಿ, ಮಾತು ಬಾರದ ನಾಲಿಗೆ, ಬುದ್ಧಿಯ ಸುಳಿವಿಲ್ಲದ ಮುಖ, ಆಕಾರವಿಲ್ಲದ ಕೈಕಾಲು. ಪ್ರವಾದಿಯೂ ಇಲ್ಲ, ಪಾಪಿಯೂ ಇಲ್ಲ. ಹಾಗಿದ್ದೂ ಈ ನಿರುಪಯೋಗಿ ಪ್ರಾಣಿಗೆ ಎಲ್ಲರೂ ಏಕೆ ಸೋಲುತ್ತಾರೆ ಎಂಬ ಬೆರಗು ಅಲ್ಲಿದೆ. ಬೈಲಿ ಮದುವೆಯಾಗಲಿಲ್ಲ, ಅವಳಿಗೂ ಮಕ್ಕಳಿರಲಿಲ್ಲ. ಹೆತ್ತವರಿಗಷ್ಟೇ ಕಣ್ಣಿರುತ್ತದೆ ಎಂದು ವಾದಿಸುವವರು ಇಲ್ಲಿ ತಡೆಯಬೇಕಾಗುತ್ತದೆ.

ಹೆರಿಗೆ ಆಗ ಸಾವಿನ ಜೊತೆಗಿನ ಜೂಜೂ ಆಗಿತ್ತು. 1797ರ ಆಗಸ್ಟ್ 30ರಂದು ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣುಮಗು ಹೆತ್ತಳು. ಸೂಲಗಿತ್ತಿ ಇದ್ದಳು, ಹೆರಿಗೆಯೂ ಆಯಿತು, ಮಾಸು ಬೀಳಲಿಲ್ಲ. ಕರೆಸಿದ ವೈದ್ಯ ಕೈಹಾಕಿ ಚೂರುಚೂರಾಗಿ ತೆಗೆದ. ನಂಜೇರಿ ಸೆಪ್ಟೆಂಬರ್ 10ರಂದು ಆಕೆ ತೀರಿಕೊಂಡಳು. ಬಾಣಂತಿ ಜ್ವರವನ್ನು ವೈದ್ಯರು ಸೂಲಗಿತ್ತಿಯರೇ ಒಬ್ಬರಿಂದೊಬ್ಬರಿಗೆ ಹೊತ್ತು ತರುತ್ತಾರೆಂದು ಅಬರ್ಡೀನ್‌ನ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲೇ ಬರೆದಿದ್ದ, ಕಿವಿಗೊಟ್ಟವರು ಕಡಿಮೆ. ಆ ಹೆಣ್ಣುಮಗುವೇ ಮುಂದೆ ಮೇರಿ ಶೆಲ್ಲಿ. ಹದಿನೇಳರ ಹರೆಯದಲ್ಲಿ, 1815ರ ಫೆಬ್ರವರಿಯಲ್ಲಿ, ತಿಂಗಳು ತುಂಬುವ ಮೊದಲೇ ಅವಳಿಗೆ ಹುಟ್ಟಿದ ಮಗಳು ಹೆಚ್ಚು ದಿನ ಬದುಕಲಿಲ್ಲ. ಸತ್ತ ಕೂಸನ್ನು ಬೆಂಕಿಯ ಮುಂದೆ ಉಜ್ಜಿದಾಗ ಅದು ಜೀವ ತಾಳಿದಂತೆ ಕನಸು ಬಿತ್ತೆಂದು ಅವಳ ದಿನಚರಿಯಲ್ಲಿದೆ. ‘ಫ್ರಾಂಕನ್‌ಸ್ಟೈನ್’ 1818ರಲ್ಲಿ ಬಂತು: ಹೆಣದ ತುಣುಕುಗಳಿಗೆ ಜೀವ ಕೊಟ್ಟು, ಅದು ಕಣ್ಣು ಬಿಟ್ಟ ಕೂಡಲೇ ಓಡಿಹೋಗುವ ತಂದೆಯೊಬ್ಬನ ಕತೆ. ಹುಟ್ಟಿನ ಬಗ್ಗೆ ಆ ಯುಗ ಬರೆದ ಅತ್ಯಂತ ಕರಾಳ ಕೃತಿ ಗದ್ಯದಲ್ಲಿದೆ.

ಅವಳ ಗಂಡ ಪರ್ಸಿ ಶೆಲ್ಲಿಯ ಕತೆಯೊಂದನ್ನು ಆಕ್ಸ್‌ಫರ್ಡ್ ಸಹಪಾಠಿ ಹಾಗ್ ಬರೆದಿಟ್ಟಿದ್ದಾನೆ. ಪ್ಲೇಟೋ ಓದಿ ತಲೆಗೇರಿದ್ದ ದಿನ ಶೆಲ್ಲಿ ಮ್ಯಾಗ್ಡಲನ್ ಸೇತುವೆಯ ಮೇಲೆ ಕೂಸೆತ್ತಿಕೊಂಡು ಬರುತ್ತಿದ್ದ ಹೆಂಗಸೊಬ್ಬಳನ್ನು ತಡೆದು, ಪೂರ್ವಸ್ಥಿತಿಯ ಬಗ್ಗೆ ನಿನ್ನ ಮಗು ಏನಾದರೂ ಹೇಳೀತೇ ಎಂದು ಕೇಳಿದನಂತೆ. ಅದಕ್ಕೆ ಮಾತು ಬರುವುದಿಲ್ಲ ಸ್ವಾಮಿ ಎಂದು ತಾಯಿ ಉತ್ತರಿಸಿದಳು. ಹುಟ್ಟಿ ಕೆಲವು ವಾರವಷ್ಟೇ ಆಗಿದೆ, ಅಷ್ಟು ಬೇಗ ಮರೆತಿರಲು ಸಾಧ್ಯವಿಲ್ಲ, ಹಠಕ್ಕೆ ಸುಮ್ಮನಿದೆ ಎಂದು ಶೆಲ್ಲಿ ವಾದಿಸಿದ. ಹಾಗ್ ಮಾತು ಬೆಳೆಸುವವನೆಂಬ ಅಪಖ್ಯಾತಿ ಇದ್ದವನು, ಆದರೂ ಕತೆ ಚೆನ್ನಾಗಿದೆ. ವರ್ಡ್ಸ್‌ವರ್ತ್‌ನ ಪ್ರಗಾಥಕ್ಕೂ ಬೈಲಿಯ ಕವಿತೆಗೂ ಇರುವ ದೂರವೆಲ್ಲ ಆ ಸೇತುವೆಯ ಮೇಲೆ ಎದುರುಬದುರಾಗಿ ನಿಂತ ಈ ಇಬ್ಬರ ನಡುವೆ ಇದೆ.

1920ರ ದಶಕದಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಈ ಕಾವ್ಯಲೋಕವನ್ನು ಕನ್ನಡಕ್ಕೆ ತೆರೆದಿಟ್ಟಿತು. ನವೋದಯದ ತಲೆಮಾರು ವರ್ಡ್ಸ್‌ವರ್ತ್, ಶೆಲ್ಲಿಯರನ್ನು ಪಾಠವಾಗಿ ಓದಿ ಬೆಳೆಯಿತು. ನಮ್ಮ ಕಾಲೇಜುಗಳ ಇಂಗ್ಲಿಷ್ ತರಗತಿಗಳಲ್ಲಿ ಪ್ರಗಾಥದ ಮಗು ಈಗಲೂ ಹಾಜರಿ ಹಾಕುತ್ತಲೇ ಇದೆ. ಅದನ್ನು ಪಾಠ ಮಾಡುವವರು ಅದೇ ವಾರ ಬೈಲಿಯ ಕವಿತೆಯನ್ನೂ ಬಾರ್ಬೋಲ್ಡ್‌ಳ ಕವಿತೆಯನ್ನೂ ಒಮ್ಮೆ ಓದಿಸಲಿ. ಎರಡೂ ಚಿಕ್ಕವು, ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತವೆ.